ಬ್ರಿಟನ್ನಿನ ಮನೆಯಲ್ಲಿ ಬಾಯ್ಲರಿನ ಪರದೆಯನ್ನು ಓದುವ, ಹೊಂದಿಸುವ ಕ್ರಮ

ಓದಿಗಾಗಿಯೋ ಕೆಲಸಕ್ಕಾಗಿಯೋ ಬ್ರಿಟನ್ನಿಗೆ ಬಂದು ನೆಲೆಸುವ ಕನ್ನಡಿಗರಿಗೆ ಮನೆಯ ಉಳಿದ ಉಪಕರಣಗಳೆಲ್ಲ ಬೇಗ ಕೈಗೆ ಒಗ್ಗುತ್ತವೆ; ಗ್ಯಾಸ್ ಬಾಯ್ಲರ್ ಮಾತ್ರ ಬಹುಕಾಲ ಅಪರಿಚಿತವಾಗಿಯೇ ಉಳಿಯುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ನೀರು ಕಾಯಿಸಲು ಗೀಸರ್ ಇರುತ್ತದೆಯೇ ಹೊರತು ಇಡೀ ಮನೆಯನ್ನು ಬೆಚ್ಚಗಿಡುವ ಯಂತ್ರ ಇರುವುದಿಲ್ಲವಾದ್ದರಿಂದ ಇದು ಸಹಜ. ಅಡುಗೆಮನೆಯ ಗೋಡೆಯ ಮೇಲೋ ಕಪಾಟಿನ ಒಳಗೋ ಕೂರಿಸಿರುವ ಆ ಬಿಳಿ ಪೆಟ್ಟಿಗೆಯ ಮುಂಭಾಗದಲ್ಲಿ ಒಂದು ಚಿಕ್ಕ ಪರದೆಯೂ ನಾಲ್ಕಾರು ಗುಂಡಿಗಳೂ ಇರುತ್ತವೆ. ಅದನ್ನು ಅಳವಡಿಸಿದವರು ಬಿಟ್ಟುಹೋದ ಹೊಂದಾಣಿಕೆಯನ್ನೇ ವರ್ಷಗಟ್ಟಲೆ ಹಾಗೆಯೇ ಉಳಿಸಿಕೊಂಡು, ಅನಗತ್ಯವಾಗಿ ಹೆಚ್ಚು ಗ್ಯಾಸ್ ಉರಿಸುವ ಮನೆಗಳು ಬಹಳ. ಪರದೆಯ ಮೇಲಿನ ಮೂರು ಅಂಕಿಗಳನ್ನು ಬೇರೆಬೇರೆಯಾಗಿ ಗುರುತಿಸಲು ಕಲಿತರೆ ಈ ಯಂತ್ರದ ಮುಕ್ಕಾಲು ಪಾಲು ನಿರ್ವಹಣೆ ನಿಮ್ಮ ಕೈಗೆ ಬರುತ್ತದೆ. ಆ ಮೂರು ಅಂಕಿಗಳೆಂದರೆ ರೇಡಿಯೇಟರಿಗೆ, ಅಂದರೆ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಿಡುವ ಲೋಹದ ಫಲಕಕ್ಕೆ, ಹೋಗುವ ನೀರಿನ ಬಿಸಿ, ನಲ್ಲಿಗೆ ಬರುವ ನೀರಿನ ಬಿಸಿ ಮತ್ತು ಒಳಗಿನ ಕೊಳವೆಗಳಲ್ಲಿರುವ ನೀರಿನ ಒತ್ತಡ.

ಇಲ್ಲಿ ವಿವರಿಸುತ್ತಿರುವುದು ಮುಖ್ಯವಾಗಿ ಕಾಂಬಿ ಬಾಯ್ಲರಿನ ಬಗ್ಗೆ. ನಲ್ಲಿ ತಿರುಗಿಸಿದ ಕೂಡಲೇ ನೀರನ್ನು ಆಗಿಂದಾಗಲೇ ಕಾಯಿಸಿ ಕೊಡುವುದು ಕಾಂಬಿ. ಅದಕ್ಕೆ ಬಿಸಿನೀರು ಶೇಖರಿಸುವ ಸಿಲಿಂಡರ್ ಇರುವುದಿಲ್ಲ. ನಿಮ್ಮ ಮನೆಯ ಯಾವುದಾದರೂ ಕಪಾಟಿನಲ್ಲಿ ಆಳೆತ್ತರದ ದಪ್ಪ ಸಿಲಿಂಡರ್ ಇದ್ದರೆ ನಿಮ್ಮದು ಬೇರೆ ಬಗೆಯ ವ್ಯವಸ್ಥೆ. ಅದಕ್ಕೆ ಅನ್ವಯಿಸುವ ಒಂದು ಮುಖ್ಯ ಎಚ್ಚರಿಕೆಯನ್ನು ಮುಂದೆ ಹೇಳಿದ್ದೇನೆ, ಅದನ್ನು ಓದದೆ ಏನನ್ನೂ ಬದಲಿಸಬೇಡಿ.

ಗೋಡೆಯ ಥರ್ಮೋಸ್ಟಾಟ್ ಬೇರೆ, ಬಾಯ್ಲರಿನ ಪರದೆ ಬೇರೆ

ಹೊಸಬರಿಗೆ ಆಗುವ ಗೊಂದಲದ ಮೂಲ ಇದು. ಹಜಾರದ ಅಥವಾ ಮನೆಯೊಳಗಿನ ಓಣಿಯ ಗೋಡೆಯ ಮೇಲಿರುವ ಥರ್ಮೋಸ್ಟಾಟ್ ಕೋಣೆಯ ಗಾಳಿಯ ಬಿಸಿಯನ್ನು ಅಳೆದು, ‘ಈಗ ಬಿಸಿ ಬೇಕು’ ಅಥವಾ ‘ಇನ್ನು ಸಾಕು’ ಎಂದು ಬಾಯ್ಲರಿಗೆ ತಿಳಿಸುತ್ತದೆ. ಬೇಕೆಂದು ತಿಳಿಸಿದಾಗ ಎಷ್ಟು ಬಿಸಿಯಾದ ನೀರನ್ನು ರೇಡಿಯೇಟರುಗಳಿಗೆ ಕಳಿಸಬೇಕೆಂಬುದನ್ನು ನಿರ್ಧರಿಸುವುದು ಬಾಯ್ಲರಿನ ಪರದೆಯ ಮೇಲೆ ನೀವು ಹೊಂದಿಸಿದ ಅಂಕಿ. ಆದ್ದರಿಂದ ಥರ್ಮೋಸ್ಟಾಟಿನ 20 ಡಿಗ್ರಿಗೂ ಬಾಯ್ಲರಿನ 60 ಡಿಗ್ರಿಗೂ ಯಾವ ವಿರೋಧವೂ ಇಲ್ಲ. ಒಂದು ಕೋಣೆಯದು, ಇನ್ನೊಂದು ಕೊಳವೆಯೊಳಗಿನ ನೀರಿನದು. ಕೋಣೆ ಆಗಲೇ ಥರ್ಮೋಸ್ಟಾಟ್ ಕೇಳಿದಷ್ಟು ಬೆಚ್ಚಗಿದ್ದರೆ ಬಾಯ್ಲರಿನ ಅಂಕಿಯನ್ನು ಎಷ್ಟು ಏರಿಸಿದರೂ ಉರಿ ಹೊತ್ತುವುದಿಲ್ಲ. ಹಾಗೆಯೇ ಚಳಿಯಾದಾಗ ಬೇಗ ಬೆಚ್ಚಗಾಗಲೆಂದು ಥರ್ಮೋಸ್ಟಾಟನ್ನು 30ಕ್ಕೆ ಏರಿಸುವುದರಿಂದ ಮನೆ ಬೇಗ ಬೆಚ್ಚಗಾಗುವುದಿಲ್ಲ, ಬೇಕಾದ ಮಟ್ಟವನ್ನು ಮೀರಿ ಕಾಯುತ್ತದೆ, ಅಷ್ಟೇ.

ಪರದೆಯನ್ನು ಓದುವುದು

ಬಾಯ್ಲರ್ ಸುಮ್ಮನಿರುವಾಗ ಹೆಚ್ಚಿನ ಮಾದರಿಗಳು ಒಂದೇ ಒಂದು ಅಂಕಿಯನ್ನು ತೋರಿಸುತ್ತವೆ. ಅದು 1.2 ಅಥವಾ 1.4ರಂತೆ ಬಿಂದುವಿರುವ ಅಂಕಿಯಾಗಿದ್ದರೆ ಅದು ಸಾಮಾನ್ಯವಾಗಿ ಒತ್ತಡ, ಬಾರ್ ಎಂಬ ಮಾನದ ಲೆಕ್ಕದಲ್ಲಿ. 38 ಅಥವಾ 52ರಂತೆ ಇಡೀ ಅಂಕಿಯಾಗಿದ್ದರೆ ಆ ಕ್ಷಣದಲ್ಲಿ ಒಳಗಿನ ನೀರಿಗಿರುವ ಬಿಸಿ. ಇದು ಈಗ ಇರುವ ಬಿಸಿಯೇ ಹೊರತು ನೀವು ಹೊಂದಿಸಿದ ಬಿಸಿಯಲ್ಲ ಎಂಬುದನ್ನು ಗಮನದಲ್ಲಿಡಬೇಕು. ಹೊಂದಿಸಿದ ಅಂಕಿಯನ್ನು ನೋಡಲು ರೇಡಿಯೇಟರಿನ ಚಿತ್ರವಿರುವ ಗುಂಡಿಯನ್ನೋ, ಆ ಚಿತ್ರದ ಪಕ್ಕದ ಕೂಡಿಸು ಅಥವಾ ಕಳೆ ಚಿಹ್ನೆಯನ್ನೋ ಒಮ್ಮೆ ಒತ್ತಬೇಕು. ಆಗ ಅಂಕಿ ಮಿನುಗತೊಡಗುತ್ತದೆ. ಮಿನುಗುತ್ತಿರುವುದೇ ಹೊಂದಾಣಿಕೆಯ ಅಂಕಿ. ಕೆಲವು ಸೆಕೆಂಡು ಏನನ್ನೂ ಒತ್ತದೆ ಬಿಟ್ಟರೆ ಪರದೆ ತಾನಾಗಿಯೇ ಹಳೆಯ ಸ್ಥಿತಿಗೆ ಮರಳುತ್ತದೆ. ಆದ್ದರಿಂದ ನೋಡಲು ಹೆದರಬೇಕಾಗಿಲ್ಲ.

ಚಿತ್ರಗಳಲ್ಲಿ ರೇಡಿಯೇಟರ್ ಎಂದರೆ ಮನೆ ಬೆಚ್ಚಗಿಡುವ ಕೆಲಸ, ನಲ್ಲಿ ಎಂದರೆ ಬಿಸಿನೀರಿನ ಕೆಲಸ, ಜ್ವಾಲೆ ಎಂದರೆ ಈಗ ಒಳಗೆ ಗ್ಯಾಸ್ ಉರಿಯುತ್ತಿದೆ ಎಂದರ್ಥ. ಅಕ್ಷರಗಳಲ್ಲಿ ‘ಸಿ.ಎಚ್.’ ಎಂದಿದ್ದರೆ ಸೆಂಟ್ರಲ್ ಹೀಟಿಂಗ್, ‘ಡಿ.ಎಚ್.ಡಬ್ಲ್ಯು.’ ಎಂದಿದ್ದರೆ ನಲ್ಲಿಯ ಬಿಸಿನೀರು. ಸ್ಪ್ಯಾನರಿನ ಚಿತ್ರ ದೋಷವನ್ನೋ ಸರ್ವಿಸ್ ಮಾಡಿಸಬೇಕಾದ ಹೊತ್ತನ್ನೋ ಸೂಚಿಸುತ್ತದೆ. ಬೇಸಿಗೆಯ ಸೂರ್ಯನ ಚಿತ್ರವಿದ್ದರೆ ಅಥವಾ ನಲ್ಲಿಯ ಚಿತ್ರ ಮಾತ್ರ ಉಳಿದಿದ್ದರೆ ರೇಡಿಯೇಟರುಗಳ ಕೆಲಸವನ್ನು ಯಾರೋ ಆರಿಸಿದ್ದಾರೆ ಎಂದು ತಿಳಿಯಬೇಕು. ಅಕ್ಟೋಬರಿನ ಮೊದಲ ಚಳಿಗೆ ‘ಬಾಯ್ಲರ್ ಕೆಟ್ಟಿದೆ’ ಎನ್ನುವ ಮೊದಲು ಇದನ್ನೊಮ್ಮೆ ನೋಡಬೇಕು.

ರೇಡಿಯೇಟರಿನ ನೀರಿನ ಬಿಸಿ: ಎಲ್ಲಕ್ಕಿಂತ ಮುಖ್ಯವಾದ ಹೊಂದಾಣಿಕೆ

ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2005ರ ಏಪ್ರಿಲಿನಿಂದ ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರುಗಳು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕಂಡೆನ್ಸಿಂಗ್ ಬಗೆಯವೇ, ಅಂದರೆ ಹೊಗೆಯಲ್ಲಿರುವ ಆವಿಯನ್ನು ದ್ರವವಾಗಿಸಿ ಅದರ ಶಾಖವನ್ನೂ ಬಳಸಿಕೊಳ್ಳುವವೇ, ಆಗಿರಬೇಕು. ಗ್ಯಾಸ್ ಉರಿದಾಗ ಹೊಗೆಯ ಜೊತೆಗೆ ನೀರಾವಿಯೂ ಹುಟ್ಟುತ್ತದೆ, ಆ ಆವಿಯಲ್ಲಿ ಗಣನೀಯ ಪ್ರಮಾಣದ ಶಾಖ ಅಡಗಿರುತ್ತದೆ. ರೇಡಿಯೇಟರುಗಳನ್ನು ಸುತ್ತಿಬಂದು ಬಾಯ್ಲರಿಗೆ ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಆವಿ ಅದಕ್ಕೆ ಶಾಖ ಕೊಟ್ಟು ಒಳಗೇ ದ್ರವವಾಗುತ್ತದೆ. ಮರಳುವ ನೀರು ತಣ್ಣಗಿದ್ದಷ್ಟೂ ಈ ಲಾಭ ಹೆಚ್ಚು. ಬಾಯ್ಲರಿನ ಅಂಕಿಯನ್ನು 75 ಅಥವಾ 80ಕ್ಕೆ ಇಟ್ಟಿದ್ದರೆ ಮರಳುವ ನೀರೂ ಬಿಸಿಯಾಗಿಯೇ ಇರುತ್ತದೆ, ಆವಿಯ ಶಾಖ ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ. ಹೀಗೆ ಕಂಡೆನ್ಸಿಂಗ್ ಬಾಯ್ಲರನ್ನು ಇಟ್ಟುಕೊಂಡೂ ಅದರ ಗುಣವನ್ನು ಬಳಸಿಕೊಳ್ಳದೆ ಹೋಗುತ್ತೇವೆ. 2022ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಇಂಧನ ಉಳಿತಾಯದ ಪ್ರಚಾರ ಆರಂಭಿಸಿದಾಗ ಕಾಂಬಿ ಬಾಯ್ಲರಿನ ಈ ಅಂಕಿಯನ್ನು 60ಕ್ಕೆ ಇಳಿಸಿ ಎಂಬ ಸಲಹೆಯನ್ನು ಸೇರಿಸಿದ್ದು ಇದೇ ಕಾರಣಕ್ಕೆ. ಹೊಸ ಮನೆಗಳಿಗೆ ಇಂಗ್ಲೆಂಡಿನ ಕಟ್ಟಡ ನಿಯಮಗಳು 2022ರ ಜೂನಿನಿಂದ ಇನ್ನೂ ಮುಂದೆ ಹೋಗಿ, 55 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಬಿಸಿಯ ನೀರಿಗೇ ವ್ಯವಸ್ಥೆಯನ್ನು ರೂಪಿಸಬೇಕೆಂದು ಹೇಳುತ್ತವೆ.

ಬದಲಿಸುವ ಕ್ರಮ ಹೀಗೆ. ರೇಡಿಯೇಟರಿನ ಗುಂಡಿಯನ್ನು ಒತ್ತಿ, ಅಂಕಿ ಮಿನುಗುವಾಗ ಕಳೆ ಗುಂಡಿಯನ್ನು ಒತ್ತುತ್ತ 60ಕ್ಕೆ ಇಳಿಸಿ, ‘ಓಕೆ’ ಗುಂಡಿ ಇದ್ದರೆ ಅದನ್ನೊತ್ತಿ ಖಚಿತಪಡಿಸಿ; ಇಲ್ಲದಿದ್ದರೆ ಮಿನುಗುವುದು ನಿಲ್ಲುವ ತನಕ ಕಾಯಿರಿ. ಬಳಿಕ ಅದೇ ಗುಂಡಿಯನ್ನು ಮತ್ತೊಮ್ಮೆ ಒತ್ತಿ 60 ಉಳಿದಿದೆಯೇ ಎಂದು ನೋಡುವುದು ಒಳ್ಳೆಯದು, ಏಕೆಂದರೆ ‘ಓಕೆ’ ಬೇಡುವ ಮಾದರಿಗಳಲ್ಲಿ ಅದನ್ನು ಒತ್ತದಿದ್ದರೆ ಹಳೆಯ ಅಂಕಿಯೇ ಮರಳಿರುತ್ತದೆ. ತಿರುಗಿಸುವ ಗುಂಡಿಯಿರುವ ಮಾದರಿಗಳಲ್ಲಿ ತಿರುಗಿಸುವಾಗ ಮಾತ್ರ ಪರದೆಯಲ್ಲಿ ಹೊಂದಿಸಿದ ಬಿಸಿ ಕಾಣಿಸಿಕೊಳ್ಳುತ್ತದೆ. ತಿರುಗುಗುಂಡಿಯ ಸುತ್ತ 1ರಿಂದ 6ರ ತನಕ ಗುರುತುಗಳಷ್ಟೇ ಇದ್ದರೆ ಅವು ಡಿಗ್ರಿಗಳಲ್ಲ; ಯಾವ ಗುರುತಿಗೆ ಎಷ್ಟು ಡಿಗ್ರಿಯೆಂಬುದು ಆ ಮಾದರಿಯ ಕೈಪಿಡಿಯಲ್ಲಿರುತ್ತದೆ. ಮಾದರಿಯ ಹೆಸರು ಮುಂಭಾಗದಲ್ಲಿ ಕಾಣದಿದ್ದರೆ ಕೆಳಗಿನ ಮಡಚುವ ಮುಚ್ಚಳದ ಹಿಂದೆ ಅಂಟಿಸಿರುವ ಪಟ್ಟಿಯಲ್ಲಿ ಹುಡುಕಬೇಕು. ಆ ಹೆಸರನ್ನು ಕೊಟ್ಟು ತಯಾರಕರ ಜಾಲತಾಣದಲ್ಲಿ ಹುಡುಕಿದರೆ ಹೆಚ್ಚಿನ ಮಾದರಿಗಳ ಕೈಪಿಡಿ ಉಚಿತವಾಗಿ ದೊರೆಯುತ್ತದೆ.

ಇಳಿಸಿದ ಮೇಲೆ ರೇಡಿಯೇಟರನ್ನು ಮುಟ್ಟಿದರೆ ಹಿಂದಿನಂತೆ ಕೈ ಸುಡುವುದಿಲ್ಲ, ಮನೆ ಬೆಚ್ಚಗಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಇದನ್ನು ದೋಷವೆಂದು ಭಾವಿಸಿ ಮತ್ತೆ ಏರಿಸುವವರೇ ಹೆಚ್ಚು. ಥರ್ಮೋಸ್ಟಾಟಿನ ವೇಳಾಪಟ್ಟಿಯನ್ನು ಅರ್ಧ ಗಂಟೆ ಮುಂಚಿತವಾಗಿ ಆರಂಭವಾಗುವಂತೆ ಬದಲಿಸಿ, ಒಂದೆರಡು ದಿನ ಗಮನಿಸಿದ ಬಳಿಕವೇ ತೀರ್ಮಾನಕ್ಕೆ ಬನ್ನಿ. ಗಂಟೆಗಟ್ಟಲೆ ಉರಿದರೂ ಕೋಣೆ ಬೇಕಾದ ಬಿಸಿಗೆ ಬರದಿದ್ದರೆ ಐದೈದು ಡಿಗ್ರಿಯಂತೆ ಏರಿಸಿ. ಹೊರಗೆ ಹಿಮಗಟ್ಟುವ ವಾರಗಳಲ್ಲಿ 65 ಅಥವಾ 70 ಬೇಕಾಗಬಹುದು, ಮಾರ್ಚಿನಲ್ಲಿ 50 ಸಾಕಾಗಬಹುದು. ಊರಿನಿಂದ ವಯಸ್ಸಾದ ತಂದೆ ತಾಯಿ ಬಂದಿದ್ದರೆ ಅಥವಾ ಮನೆಯಲ್ಲಿ ಎಳೆಗೂಸಿದ್ದರೆ ಉಳಿತಾಯಕ್ಕಿಂತ ಬೆಚ್ಚಗಿರುವುದೇ ಮುಖ್ಯ. ಅವರಿರುವ ಕೋಣೆ 18 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು.

ಸಿಲಿಂಡರ್ ಇರುವ ಮನೆಯವರಿಗೆ ಮೊದಲೇ ಸೂಚಿಸಿದ ಎಚ್ಚರಿಕೆ ಇದು. ಶೇಖರಿಸಿಟ್ಟ ನೀರು ಉಗುರುಬೆಚ್ಚಗಿದ್ದರೆ ಅದರಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು, ಅದರಿಂದ ಬರುವ ನ್ಯುಮೋನಿಯಾ ಮಾರಕವಾಗಬಲ್ಲದು. ಆದ್ದರಿಂದ ಸಿಲಿಂಡರಿನ ನೀರನ್ನು 60 ಡಿಗ್ರಿಗೆ ಕಾಯಿಸಬೇಕಾಗುತ್ತದೆ, ಅದಕ್ಕಾಗಿ ಬಾಯ್ಲರಿನಿಂದ ಹೊರಡುವ ನೀರು ಕನಿಷ್ಠ 65 ಡಿಗ್ರಿಯಾದರೂ ಇರಬೇಕು. ಅಂಥ ಮನೆಗಳಲ್ಲಿ ಮೇಲೆ ಹೇಳಿದ ಇಳಿಕೆಯನ್ನು ಎಂಜಿನಿಯರನ್ನು ಕೇಳದೆ ಮಾಡಬಾರದು.

ನಲ್ಲಿಯ ಬಿಸಿನೀರು

ಕಾಂಬಿಯಲ್ಲಿ ನಲ್ಲಿಯ ಚಿತ್ರದ ಅಂಕಿಯನ್ನು 50ರ ಆಸುಪಾಸಿಗೆ ಇಟ್ಟರೆ ಸ್ನಾನಕ್ಕೂ ಪಾತ್ರೆಗೂ ಸಾಕು. 60ಕ್ಕೆ ಕಾಯಿಸಿ ಮತ್ತೆ ತಣ್ಣೀರು ಬೆರೆಸುವುದು ವ್ಯರ್ಥ. ಮೇಲಾಗಿ ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನ ಗಡಸು ನೀರು ಹೆಚ್ಚು ಕಾದಷ್ಟೂ ಬಾಯ್ಲರಿನೊಳಗೆ ನೀರು ಕಾಯಿಸುವ ಲೋಹದ ತಟ್ಟೆಗಳ ಮೇಲೆ ಸುಣ್ಣ ಕಟ್ಟುತ್ತದೆ. ಬಕೆಟ್ಟಿನಲ್ಲಿ ಹಿಡಿದು ಚೊಂಬಿನಿಂದ ಸ್ನಾನ ಮಾಡುವ ರೂಢಿಯವರು, ವಿಶೇಷವಾಗಿ ಮಕ್ಕಳಿಗೆ ಮೀಯಿಸುವವರು, ಗೀಸರಿನ ಅಂದಾಜಿನಲ್ಲಿ ನಡೆಯದೆ ಮೊದಲು ತಣ್ಣೀರು ಹಿಡಿದು ಆಮೇಲೆ ಬಿಸಿನೀರು ಸೇರಿಸುವುದು ಕ್ಷೇಮ. 50 ಡಿಗ್ರಿಯ ನೀರೂ ಮಗುವಿನ ಚರ್ಮವನ್ನು ಸುಡಬಲ್ಲದು.

ನಮ್ಮವರ ಮನೆಗಳಿಂದ ಮೇಲಿಂದ ಮೇಲೆ ಕೇಳಿಬರುವ ಒಂದು ದೂರಿದೆ: ಪಾತ್ರೆ ತೊಳೆಯುವಾಗ ನೀರು ಬಿಸಿಯಾಗಿ ಬಂದು, ನಡುವೆ ತಣ್ಣಗಾಗಿ, ಮತ್ತೆ ಬಿಸಿಯಾಗುತ್ತದೆ ಎಂದು. ಹೆಚ್ಚಿನ ಸಲ ಇದು ಯಂತ್ರದ ದೋಷವಲ್ಲ. ನೀರು ಪೋಲಾಗಬಾರದೆಂದು ನಲ್ಲಿಯನ್ನು ಸಣ್ಣ ಧಾರೆಯಾಗಿ ಬಿಡುವುದು ನಮ್ಮ ಅಭ್ಯಾಸ, ಅದು ಒಳ್ಳೆಯ ಅಭ್ಯಾಸವೂ ಹೌದು. ಆದರೆ ಕಾಂಬಿ ಬಾಯ್ಲರಿಗೆ ನಿಮಿಷಕ್ಕೆ ಸುಮಾರು 2 ಲೀಟರಿನಷ್ಟಾದರೂ ನೀರು ಹರಿಯದಿದ್ದರೆ ಅದು ಉರಿಯನ್ನು ಆರಿಸಿಬಿಡುತ್ತದೆ. ಪರದೆಯ ಮುಂದೆ ನಿಂತು ಪರೀಕ್ಷಿಸಿದರೆ ಇದು ಕಣ್ಣಿಗೇ ಕಾಣುತ್ತದೆ: ನಲ್ಲಿಯನ್ನು ಸಣ್ಣಗೆ ತಿರುಗಿಸಿದರೆ ನಲ್ಲಿಯ ಚಿತ್ರವೂ ಜ್ವಾಲೆಯೂ ಮಾಯವಾಗುತ್ತವೆ, ತುಸು ದೊಡ್ಡದು ಮಾಡಿದ ಕೂಡಲೇ ಒಳಗಿನ ಫ್ಯಾನ್ ಗುಂಯ್ಗುಟ್ಟಿ ಜ್ವಾಲೆಯ ಚಿತ್ರ ಮರಳುತ್ತದೆ. ಬಟ್ಟಲಿನಲ್ಲಿ ಬಿಸಿನೀರು ಹಿಡಿದಿಟ್ಟುಕೊಂಡು ತೊಳೆಯುವುದೇ ಇದಕ್ಕೆ ಪರಿಹಾರ.

ಇದೇ ಭಾಗದಲ್ಲಿ ‘ಪ್ರೀಹೀಟ್’, ‘ಕಂಫರ್ಟ್’ ಅಥವಾ ‘ಎಕೋ’ ಎಂಬ ಆಯ್ಕೆ ಇರುತ್ತದೆ. ಮೊದಲ ಎರಡನ್ನು ಹಾಕಿದರೆ ನೀವು ನಲ್ಲಿ ತಿರುಗಿಸದಿದ್ದಾಗಲೂ ಬಾಯ್ಲರ್ ಆಗಾಗ ಹೊತ್ತಿಕೊಂಡು ಸ್ವಲ್ಪ ನೀರನ್ನು ಬಿಸಿಯಾಗಿಟ್ಟುಕೊಳ್ಳುತ್ತದೆ. ಬಿಸಿನೀರು ಕೆಲವು ಸೆಕೆಂಡು ಬೇಗ ಬರುವ ಸುಖಕ್ಕಾಗಿ ಹಗಲಿರುಳು ಗ್ಯಾಸ್ ಉರಿಸುವುದು ನನ್ನ ಅಭಿಪ್ರಾಯದಲ್ಲಿ ಬೇಡದ ಖರ್ಚು. ಹಾಗೆ ಮುಂಚಿತವಾಗಿ ಕಾಯಿಸದ ಎಕೋ ಇರಲಿ.

ಒತ್ತಡ

ವ್ಯವಸ್ಥೆ ತಣ್ಣಗಿರುವಾಗ ಒತ್ತಡ 1ರಿಂದ 1.5 ಬಾರ್ ಇರಬೇಕು. ಕಾದಾಗ ಸ್ವಲ್ಪ ಏರುವುದು ಸಹಜ. 3 ಬಾರ್ ಮುಟ್ಟಿದರೆ ಸುರಕ್ಷಾ ಕವಾಟ ತೆರೆದು ಹೊರಗೋಡೆಯ ಕೊಳವೆಯಿಂದ ನೀರು ಹೊರಬೀಳುತ್ತದೆ. ಒತ್ತಡ ಇಳಿದುಹೋಗಿದ್ದರೆ ಬಾಯ್ಲರಿನ ಕೆಳಗಿರುವ ಫಿಲ್ಲಿಂಗ್ ಲೂಪ್, ಅಂದರೆ ಹೆಣೆದ ಲೋಹದ ಹೊದಿಕೆಯುಳ್ಳ ಬಾಗುವ ಕೊಳವೆಯ ಕವಾಟಗಳ ಮೂಲಕ ನೀರು ತುಂಬಬೇಕು. ಕೆಲವು ಮಾದರಿಗಳಲ್ಲಿ ಇದರ ಬದಲು ಕೆಳಗೆ ಒಂದು ಸನ್ನೆಕೋಲಿನಂಥ ಹಿಡಿಯೋ ಕೀಲಿಯೋ ಇರುತ್ತದೆ. ಬಾಯ್ಲರನ್ನು ಆರಿಸಿ, ತಣಿಯಲು ಬಿಟ್ಟು, ಕವಾಟಗಳನ್ನು ನಿಧಾನವಾಗಿ ತೆರೆಯಿರಿ. ನೀರು ನುಗ್ಗುವ ಸದ್ದು ಕೇಳುತ್ತದೆ. ಕಣ್ಣು ಪರದೆಯ ಮೇಲೆಯೋ ಪಕ್ಕದ ಮುಳ್ಳಿನ ಮೀಟರಿನ ಮೇಲೆಯೋ ಇರಲಿ. ಅಂಕಿ 1.3ರ ಹತ್ತಿರ ಬಂದಾಗ ಎರಡೂ ಕವಾಟಗಳನ್ನು ಭದ್ರವಾಗಿ ಮುಚ್ಚಿ. ಒಂದನ್ನು ಅರೆತೆರೆದು ಬಿಟ್ಟರೆ ಒತ್ತಡ ತಾನಾಗಿ ಏರುತ್ತ ಹೋಗುತ್ತದೆ. ರೇಡಿಯೇಟರಿನೊಳಗೆ ಸೇರಿದ ಗಾಳಿಯನ್ನು ಹೊರಬಿಟ್ಟ ಮೇಲೆ ಒತ್ತಡ ಇಳಿಯುವುದು ನಿರೀಕ್ಷಿತ. ಆದರೆ ವಾರವಾರವೂ ತುಂಬಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ, ಆಗ ತುಂಬುತ್ತಲೇ ಇರದೆ ಎಂಜಿನಿಯರನ್ನು ಕರೆಯಿಸಬೇಕು.

ಗೋಡೆಯ ಥರ್ಮೋಸ್ಟಾಟಿನ ವೇಳಾಪಟ್ಟಿ

ಥರ್ಮೋಸ್ಟಾಟಿನ ಮೆನುವಿನಲ್ಲಿ ‘ಆಟೊ’ ಎಂದರೆ ವೇಳಾಪಟ್ಟಿಯ ಪ್ರಕಾರ, ‘ಮ್ಯಾನ್’ ಎಂದರೆ ನೀವಿಟ್ಟ ಒಂದೇ ಬಿಸಿಗೆ, ‘ಹಾಲಿಡೇ’ ಎಂದರೆ ಊರಿಗೆ ಹೋದಾಗ. ವೇಳಾಪಟ್ಟಿಯಲ್ಲಿ ಪ್ರತಿ ದಿನವೂ ಹಲವು ಹೊತ್ತುಗಳಿದ್ದು, ಪ್ರತಿ ಹೊತ್ತಿಗೂ ಒಂದು ಆರಂಭದ ಸಮಯ, ಒಂದು ಬಿಸಿ ಎಂದು ಜೋಡಿಯಾಗಿ ಕೊಡಬೇಕು. ಬೆಳಿಗ್ಗೆ 6.30ಕ್ಕೆ 19, ಕೆಲಸಕ್ಕೆ ಹೊರಡುವ 8.30ಕ್ಕೆ 16, ಸಂಜೆ 5ಕ್ಕೆ 20, ರಾತ್ರಿ 10ಕ್ಕೆ 16 ಎಂಬುದು ಸಾಧಾರಣವಾದ ಒಂದು ಆರಂಭ. ಇಲ್ಲಿ ಮುಕ್ತಾಯದ ಸಮಯ ಎಂಬುದಿಲ್ಲ. ಮುಂದಿನ ಹೊತ್ತಿನ ಆರಂಭವೇ ಹಿಂದಿನದರ ಮುಕ್ತಾಯ. ಇದನ್ನು ಗಮನಿಸದೆ ರಾತ್ರಿಯ ಸಾಲನ್ನು ಬಿಟ್ಟವರ ಮನೆಯಲ್ಲಿ ಬೆಳಗಿನ ತನಕ ಉರಿಯುತ್ತಲೇ ಇರುತ್ತದೆ. ಥರ್ಮೋಸ್ಟಾಟಿನ ಗಡಿಯಾರ ಸರಿಯಿರುವುದೂ ಅಗತ್ಯ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತದೆ, ಹಳೆಯ ಥರ್ಮೋಸ್ಟಾಟುಗಳು ಅದನ್ನು ತಾವಾಗಿ ಬದಲಿಸಿಕೊಳ್ಳುವುದಿಲ್ಲ. ಪರದೆ ಖಾಲಿಯಾಗಿದ್ದರೆ ಮೊದಲು ಅದರ ಬ್ಯಾಟರಿ ಬದಲಿಸಿ.

ರೇಡಿಯೇಟರುಗಳ ಪಕ್ಕದಲ್ಲಿರುವ, 1ರಿಂದ 5ರ ತನಕ ಅಂಕಿಗಳಿರುವ ತಿರುಗುಗುಂಡಿಗಳು ಆಯಾ ಕೋಣೆಯನ್ನಷ್ಟೇ ನಿಯಂತ್ರಿಸುತ್ತವೆ. ಥರ್ಮೋಸ್ಟಾಟ್ ಇರುವ ಕೋಣೆಯ ರೇಡಿಯೇಟರನ್ನು ಮಾತ್ರ ಪೂರ್ತಿ ತೆರೆದಿಡಬೇಕು. ಅದನ್ನು ಮುಚ್ಚಿದರೆ ಆ ಕೋಣೆ ಎಂದೂ ಬೆಚ್ಚಗಾಗದೆ, ಬಾಯ್ಲರ್ ಉಳಿದ ಕೋಣೆಗಳಿಗಾಗಿ ನಿಲ್ಲದೆ ದುಡಿಯುತ್ತದೆ.

ದೋಷದ ಸಂಕೇತಗಳು

ಅಂಕಿಯ ಜಾಗದಲ್ಲಿ ಅಕ್ಷರವೊಂದು ಸೇರಿದ ಸಂಕೇತ ಮಿನುಗುತ್ತಿದ್ದರೆ ಅದನ್ನು ಮೊದಲು ಬರೆದಿಟ್ಟುಕೊಳ್ಳಿ ಅಥವಾ ಫೋಟೊ ತೆಗೆಯಿರಿ. ರೀಸೆಟ್ ಮಾಡಿದರೆ ಅದು ಅಳಿಸಿಹೋಗಬಹುದು. ತಯಾರಕರಿಗೆ ತಕ್ಕಂತೆ ಸಂಕೇತಗಳು ಬೇರೆ: ವೈಲಂಟಿನಲ್ಲಿ ಎಫ್ 22, ಐಡಿಯಲ್ ಲಾಜಿಕ್‌ನಲ್ಲಿ ಎಫ್ 1, ಬ್ಯಾಕ್ಸಿಯಲ್ಲಿ ಇ 119 ಬಂದರೆ ನೀರಿನ ಒತ್ತಡ ಸಾಲದು. ಮೇಲೆ ಹೇಳಿದಂತೆ ನೀರು ತುಂಬಿದರೆ ಬಹುಪಾಲು ಸರಿಹೋಗುತ್ತದೆ. ವೈಲಂಟಿನ ಎಫ್ 28, ಐಡಿಯಲ್ ಲಾಜಿಕ್‌ನ ಎಲ್ 2, ಬ್ಯಾಕ್ಸಿಯ ಇ 133, ವೂಸ್ಟರ್ ಬಾಷ್‌ನ ಇ ಎ ಉರಿ ಹೊತ್ತಿಲ್ಲ ಎನ್ನುವ ಸಂಕೇತಗಳು. ಇವು ಬಂದಾಗ ಮೊದಲು ಗ್ಯಾಸ್ ಒಲೆ ಉರಿಯುತ್ತಿದೆಯೇ, ಮೊದಲೇ ಹಣ ತುಂಬಿಸಿ ಬಳಸುವ ಪ್ರೀಪೇಮೆಂಟ್ ಮೀಟರಾದರೆ ಅದರಲ್ಲಿ ಹಣವಿದೆಯೇ ಎಂದು ನೋಡಿ. ಹೊರಗೆ ಹಿಮ ಕಟ್ಟಿದ್ದು ಬಾಯ್ಲರಿನೊಳಗೆ ಗಳಗಳ ಸದ್ದು ಕೇಳುತ್ತಿದ್ದರೆ ಆವಿ ತಣಿದು ಬಂದ ನೀರನ್ನು ಹೊರಹಾಕುವ ಬಿಳಿ ಪ್ಲಾಸ್ಟಿಕ್ ಕೊಳವೆ ಹೊರಗಡೆ ಹೆಪ್ಪುಗಟ್ಟಿರುವ ಸಾಧ್ಯತೆ ಹೆಚ್ಚು. ನೆಲದಿಂದ ಕೈಗೆಟಕುವಂತಿದ್ದರೆ ಅದರ ಮೇಲೆ ಬೆಚ್ಚಗಿನ ನೀರು ಸುರಿದು ಕರಗಿಸಬಹುದು. ಕುದಿಯುವ ನೀರು ಸುರಿಯಬಾರದು, ಏಣಿ ಹತ್ತಬಾರದು.

ಆಮೇಲೆ ರೀಸೆಟ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿಯಿರಿ. ಎರಡು ಸಲ ಪ್ರಯತ್ನಿಸಿಯೂ ಅದೇ ಸಂಕೇತ ಮರಳಿದರೆ ಅಲ್ಲಿಗೆ ನಿಲ್ಲಿಸಿ ಗ್ಯಾಸ್ ಕೆಲಸ ಮಾಡಲು ಅರ್ಹರಾದವರ ಅಧಿಕೃತ ಪಟ್ಟಿಯಾದ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ನೋಂದಾಯಿಸಿದ ಎಂಜಿನಿಯರನ್ನು ಕರೆಯಿರಿ. ಬಾಡಿಗೆ ಮನೆಯಾದರೆ ದುರಸ್ತಿಯೂ ವರ್ಷಕ್ಕೊಮ್ಮೆ ಗ್ಯಾಸ್ ಸುರಕ್ಷಾ ತಪಾಸಣೆಯೂ ಮಾಲೀಕರ ಹೊಣೆ, ತಪಾಸಣೆಯ ಪ್ರತಿಯನ್ನು ಅವರು ನಿಮಗೆ ಕೊಡಬೇಕು. ಗ್ಯಾಸಿನ ವಾಸನೆ ಬಂದರೆ ಅಥವಾ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಗಿದರೆ ಪರದೆಯ ಗೋಜಿಗೇ ಹೋಗಬೇಡಿ. ಸ್ವಿಚ್ಚುಗಳನ್ನು ಮುಟ್ಟದೆ, ಬೆಂಕಿ ಹಚ್ಚದೆ, ಕಿಟಕಿ ಬಾಗಿಲು ತೆರೆದು, ಎಲ್ಲರೊಡನೆ ಹೊರಗೆ ಬಂದು 0800 111 999ಕ್ಕೆ ಕರೆಮಾಡಿ. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸಿನಲ್ಲಿ ಈ ಸಂಖ್ಯೆ ದಿನದ 24 ಗಂಟೆಯೂ ಉಚಿತ.

ಮೆನುವಿನಲ್ಲಿ ಮುಂದೆ ಮುಂದೆ ಹೋದಂತೆ ಸಂಕೇತಸಂಖ್ಯೆ ಕೇಳುವ ಒಂದು ಭಾಗ ಎದುರಾಗುತ್ತದೆ. ಅದು ಎಂಜಿನಿಯರುಗಳಿಗೆ ಮೀಸಲು. ಪಂಪಿನ ವೇಗ, ಉರಿಯ ಗರಿಷ್ಠ ಪ್ರಮಾಣ, ಹೊಗೆ ಪರೀಕ್ಷೆಯ ಸ್ಥಿತಿ ಇತ್ಯಾದಿಗಳು ಅಲ್ಲಿರುತ್ತವೆ. ಆ ಸಂಖ್ಯೆಗಳು ಅಂತರಜಾಲದಲ್ಲಿ ಸುಲಭವಾಗಿ ಸಿಗುತ್ತವೆಯಾದರೂ ಒಳಹೋಗಬೇಡಿ ಎಂದೇ ನಾನು ಹೇಳುತ್ತೇನೆ. ಮನೆಯವರಿಗೆ ಬೇಕಾದುದೆಲ್ಲ ಹೊರಗಿನ ಮೆನುವಿನಲ್ಲೇ ಇದೆ.

ಚಳಿಗಾಲದಲ್ಲಿ ಊರಿಗೆ ಹೋಗುವಾಗ

ಡಿಸೆಂಬರಿನಲ್ಲಿ ಮೂರು ನಾಲ್ಕು ವಾರ ಬೆಂಗಳೂರಿಗೋ ಧಾರವಾಡಕ್ಕೋ ಹೋಗುವವರು ಖರ್ಚು ಉಳಿಸಲೆಂದು ಬಾಯ್ಲರಿನ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುವುದುಂಟು. ಹಾಗೆ ಮಾಡಬೇಡಿ. ಒಳಗಿನ ನೀರು ಹೆಪ್ಪುಗಟ್ಟುವ ಹಂತಕ್ಕೆ ತಣಿದಾಗ ಬಾಯ್ಲರ್ ತಾನಾಗಿ ಹೊತ್ತಿಕೊಳ್ಳುವ ಏರ್ಪಾಡು ಇದೆ, ಆದರೆ ಅದಕ್ಕೆ ವಿದ್ಯುತ್ತೂ ಗ್ಯಾಸೂ ಇರಲೇಬೇಕು. ಅದು ಕಾಪಾಡುವುದೂ ಬಾಯ್ಲರನ್ನೇ ಹೊರತು ದೂರದ ಸ್ನಾನದಮನೆಯ ಕೊಳವೆಗಳನ್ನಲ್ಲ. ಅದಕ್ಕಾಗಿ ಥರ್ಮೋಸ್ಟಾಟಿನ ‘ಹಾಲಿಡೇ’ ಆಯ್ಕೆಯಲ್ಲಿ ಮರಳುವ ದಿನಾಂಕವನ್ನು ಕೊಟ್ಟು, ಬಿಸಿಯನ್ನು 10 ಅಥವಾ 12 ಡಿಗ್ರಿಗೆ ಇಟ್ಟು, ಒತ್ತಡ 1ಕ್ಕಿಂತ ಮೇಲಿದೆಯೇ ಎಂದು ಪರದೆಯಲ್ಲಿ ನೋಡಿ ಹೊರಡಿ. ಮನೆಯ ವಿಮೆಯ ಷರತ್ತುಗಳಲ್ಲಿ ಖಾಲಿ ಮನೆಯನ್ನು ಎಷ್ಟು ಡಿಗ್ರಿಯಲ್ಲಿಡಬೇಕೆಂದು ಬರೆದಿರುವುದೂ ಉಂಟು, ಅದನ್ನು ಓದಿಕೊಳ್ಳಿ. ಪ್ರೀಪೇಮೆಂಟ್ ಮೀಟರಿರುವವರು ಅಷ್ಟು ದಿನಕ್ಕೆ ಸಾಕಾಗುವಷ್ಟು ಹಣವನ್ನು ಮೊದಲೇ ತುಂಬಿಸಿರಬೇಕು. ಮರಳುವ ದಿನಾಂಕವನ್ನು ವಿಮಾನ ಇಳಿಯುವ ಹಿಂದಿನ ದಿನಕ್ಕೆ ಕೊಟ್ಟರೆ ನೀವು ಬಾಗಿಲು ತೆರೆಯುವ ಹೊತ್ತಿಗೆ ವೇಳಾಪಟ್ಟಿ ಮತ್ತೆ ಜಾರಿಯಲ್ಲಿರುತ್ತದೆ.